ಬೇಸಿಗೆ ಜಾರ್ತಿರೋದನ್ನ ಗೋಡೆ ಮೇಲೆ ಗುರುತು ಹಾಕ್ಕೊಂಡೆ

ಬೇಸಿಗೆ ಒಂದೇ ದಿನಕ್ಕೆ ಮುಗಿದುಹೋಗಲ್ಲ, ಸ್ವಲ್ಪ ಸ್ವಲ್ಪನೇ ಜಾರುತ್ತೆ, ನಾವು ಸೆಖೆ ಸೆಖೆ ಅಂತ ಗೊಣಗ್ತಾ ಇರೋವಾಗ್ಲೇ ಅರ್ಧ ಹೋಗಿರುತ್ತೆ. ನಂಗೆ ಬೇಸಿಗೆ ಸಂಜೆ ಬೆಳಕು ಅಂದ್ರೆ ಪ್ರಾಣ, ಅದು ಗೊತ್ತಾಗದಂಗೆ ಹೋಗ್ಬಿಡೋದು ಬೇಡ ಅಂತ ಕೆಲವು ವರ್ಷದಿಂದ ಬೇಕಂತಲೇ ಗಮನಿಸೋಕೆ ಕೂತಿದೀನಿ. ಹೆಂಗೆ ಮಾಡ್ದೆ, ಏನು ಸಿಕ್ತು ಅನ್ನೋದನ್ನ ಇಲ್ಲಿ ಬರೀತೀನಿ.

ಮೊದಲನೇದು ಗೋಡೆ. ಪಶ್ಚಿಮಕ್ಕೆ ಒಂದು ಕಿಟಕಿ ಇದೆ, ಸೂರ್ಯ ಮುಳುಗೋಕೆ ಮುಂಚೆ ಅದರೊಳಗಿಂದ ಬಂದ ಬಿಸಿಲು ಎದುರು ಗೋಡೆ ಮೇಲೆ ಒಂದು ಪಟ್ಟಿ ಥರ ಬೀಳುತ್ತೆ. ಬಿಸಿಲು ಪೂರ್ತಿ ಮಾಸೋ ಹೊತ್ತಿಗೆ ಆ ಪಟ್ಟಿಯ ಒಂದು ಅಂಚಿಗೆ ಪೆನ್ಸಿಲಲ್ಲಿ ಸಣ್ಣ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆದೆ, ಅಷ್ಟೇ. ದಿನಾ ಅಲ್ಲ, ಮೋಡ ಇಲ್ದಿರೋ ದಿನ, ನೆನಪಾದ ದಿನ. ಜೂನ್ 21, ಅಂದ್ರೆ ಭೂಮಿಯ ಉತ್ತರಾರ್ಧದಲ್ಲಿ ಅತಿ ದೀರ್ಘ ಹಗಲು ಇರೋ ದಿನದ ಆಸುಪಾಸಿನ ಗೆರೆಗಳು ಒಂದರ ಮೇಲೊಂದು ಹತ್ಕೊಂಡು ಕೂತಿವೆ, ಬೇರೆ ಮಾಡೋಕೇ ಆಗಲ್ಲ. ಆವಾಗ ಸೂರ್ಯ ಮುಳುಗೋ ಜಾಗ ಉತ್ತರದ ತುದಿ ಮುಟ್ಟಿ ನಿಂತಂಗೆ ಇರುತ್ತೆ, ಹತ್ತು ದಿನ ಆದ್ರೂ ಕದಲಿದ್ದು ಕಣ್ಣಿಗೆ ಕಾಣಲ್ಲ. ಜುಲೈ ಕೊನೆಗೆ ಗೆರೆಗಳ ಮಧ್ಯೆ ಬೆರಳಿಡುವಷ್ಟು ಜಾಗ. ಆಗಸ್ಟ್ ಕಳೆದು ಸೆಪ್ಟೆಂಬರ್ ಬಂತು ಅಂದ್ರೆ ನೋಡ್ಬೇಕು, ಸೂರ್ಯ ಮುಳುಗೋ ಜಾಗ ದಿನಕ್ಕೆ ಹೆಚ್ಚು ಕಮ್ಮಿ ತನ್ನ ಅಗಲದಷ್ಟೇ ದಕ್ಷಿಣಕ್ಕೆ ಸರೀತಾ ಇರುತ್ತೆ, ಎರಡು ದಿನ ಬಿಟ್ಟು ನೋಡಿದ್ರೆ ಬಿಸಿಲು ಎಲ್ಲೋ ಇರುತ್ತೆ. ಬೇಸಿಗೆ ತಟ್ಟಂತ ಮುಗಿದುಹೋಯ್ತು ಅಂತ ಎಲ್ರಿಗೂ ಅನ್ಸೋದು ಸುಮ್ಮನೆ ಅಲ್ಲ, ಮೊದಲು ನಿಧಾನಕ್ಕೆ ಹೋಗಿ ಕೊನೆಗೆ ಓಡೋದೇ ಅದರ ಲೆಕ್ಕ. ಭೂಮಿ 23.5 ಡಿಗ್ರಿ ವಾಲಿಕೊಂಡು ಸೂರ್ಯನ್ನ ಸುತ್ತೋದ್ರಿಂದ ಹಿಂಗೆ.

ಇನ್ನೊಂದು ವಿಷ್ಯ ತಿಳ್ಕೊಂಡಾಗ ತುಂಬಾ ಖುಷಿಯಾಗಿತ್ತು. ಜುಲೈ ಮೊದಲ ವಾರದಲ್ಲಿ ಭೂಮಿ ಸೂರ್ಯನಿಂದ ಅತಿ ದೂರ ಇರುತ್ತೆ, ಸುಮಾರು 15.2 ಕೋಟಿ ಕಿಲೋಮೀಟರು, ಜನವರಿಯಲ್ಲಾದ್ರೆ 14.7 ಕೋಟಿ. ದೂರ ಇದ್ದಾಗ ಅದು ನಿಧಾನಕ್ಕೆ ಸುತ್ತುತ್ತೆ, ಅದಕ್ಕೇ ಭೂಮಿಯ ಉತ್ತರಾರ್ಧದಲ್ಲಿ ಖಗೋಳದ ಲೆಕ್ಕದ ಬೇಸಿಗೆ, ಅಂದ್ರೆ ಜೂನ್ 21ರ ಹೊತ್ತಿಂದ ಸೆಪ್ಟೆಂಬರಲ್ಲಿ ಹಗಲು ರಾತ್ರಿ ಸಮ ಆಗೋವರೆಗೆ, 93 ದಿನಕ್ಕಿಂತ ಜಾಸ್ತಿ, ಚಳಿಗಾಲ 89 ದಿನ ಅಷ್ಟೇ. ನಾಲ್ಕೈದು ದಿನ ಹೆಚ್ಚಿಗೆ ಸಿಗ್ತಿದೆ! ಇದು ಗೊತ್ತಾದ್ಮೇಲೆ ಆ ದಿನಗಳನ್ನ ಸುಮ್ನೆ ಕಳೆಯೋಕೆ ಮನಸ್ಸೇ ಬರಲ್ಲ.

ಹಂಗಂತ ಬೇಸಿಗೆ ಅಂದ್ರೆ ಎಲ್ಲಾ ಕಡೆ ಒಂದೇ ತಿಂಗಳಲ್ಲ. ಮಳೆಗಾಲ ಜೋರಾಗಿರೋ ಕಡೆ ದೀರ್ಘ ಹಗಲು ಬರೋ ಹೊತ್ತಿಗೆ ಸೆಖೆ ಆಗ್ಲೇ ಇಳಿದಿರುತ್ತೆ, ಇನ್ನು ಕೆಲವು ಕಡೆ ನೆಲ ನೀರು ಎಲ್ಲಾ ಕಾಯೋಕೆ ಟೈಮ್ ತಗೊಳ್ಳೋದ್ರಿಂದ ಕಡು ಬಿಸಿ ಬರೋದೇ ಆಮೇಲೆ. ಸೆಖೆ ನೋಡ್ಕೊಂಡು ಬೇಸಿಗೆ ಎಷ್ಟು ಉಳಿದಿದೆ ಅಂತ ಹೇಳೋಕಾಗಲ್ಲ, ಬೆಳಕು ನೋಡಿ ಅನ್ನೋದು ನನ್ನ ಅಭಿಪ್ರಾಯ.

ಎರಡನೇದು, ಹೊರಗಿನ ಗೋಡೆಗೆ ಬೆನ್ನು ಕೊಟ್ಟು ಕೂರೋದು. ಹಗಲೆಲ್ಲಾ ಬಿಸಿಲು ಕುಡಿದ ಗೋಡೆ ಸೂರ್ಯ ಮುಳುಗಿದ ಮೇಲೂ ಬೆಚ್ಚಗೇ ಇರುತ್ತೆ, ಬಟ್ಟೆ ದಾಟ್ಕೊಂಡು ಆ ಕಾವು ನಿಧಾನಕ್ಕೆ ಬೆನ್ನಿಗೆ ಇಳಿಯುತ್ತೆ, ಮುಖಕ್ಕೆ ಮಾತ್ರ ತಣ್ಣನೆ ಗಾಳಿ. ಬೇಸಿಗೆ ಜೋರಾಗಿದ್ದಾಗ ಕತ್ತಲಾಗಿ ಎಷ್ಟೋ ಹೊತ್ತಾದ್ರೂ ಕಾವು ಇರುತ್ತೆ, ಆಮೇಲಾಮೇಲೆ ಬೇಗ ಬೇಗ ಆರೋಕೆ ಶುರುವಾಗುತ್ತೆ, ಅಂಗೈ ಇಟ್ಟು ನೋಡಿದ್ರೆ ಮೇಲುಗಡೆ ತಣ್ಣಗೆ, ಬುಡದಲ್ಲಿ ಮಾತ್ರ ಬಿಸಿ. ಜೀರುಂಡೆ ಸದ್ದೂ ಹಂಗೇ. ತಂಪಾದಷ್ಟೂ ಅವು ನಿಧಾನಕ್ಕೆ ಕೂಗ್ತವೆ, ಅಮೋಸ್ ಡಾಲ್ಬೇರ್ ಅನ್ನೋ ವಿಜ್ಞಾನಿ 1897ರಲ್ಲೇ ಅವುಗಳ ಕೂಗು ಎಣಿಸಿ ತಾಪಮಾನ ಹೇಳೋ ಸೂತ್ರ ಬರೆದಿದ್ರು. ನಾನು ಸೂತ್ರ ಹಾಕೋಕೆ ಹೋಗಲ್ಲ, ಕೂಗಿಗೂ ಕೂಗಿಗೂ ನಡುವೆ ಬಿಡುವು ಜಾಸ್ತಿ ಆಗೋದು ಕಿವಿಗೇ ಗೊತ್ತಾಗುತ್ತೆ.

ಮುಗಿಯೋದನ್ನೇ ನೋಡ್ತಾ ಕೂತ್ರೆ ಬೇಜಾರಾಗಲ್ವಾ ಅಂತ ಮನೇಲಿ ಕೇಳ್ತಾರೆ. ಬೇಜಾರಾಗುತ್ತೆ, ಇಲ್ಲ ಅನ್ನಲ್ಲ, ಆದ್ರೆ ಆ ಬೇಜಾರಿನ ಜೊತೆಗೇ ರುಚಿನೂ ಹೆಚ್ಚಾಗುತ್ತೆ. ಜೇಮಿ ಕರ್ಟ್ಜ್ ಅನ್ನೋ ಮನಶ್ಶಾಸ್ತ್ರಜ್ಞೆ 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು, ಕಾಲೇಜು ಮುಗಿಸೋಕೆ ಸುಮಾರು ಆರು ವಾರ ಇದ್ದ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಇನ್ನು ಸ್ವಲ್ಪೇ ಸಮಯ ಇರೋದು ಅನ್ನೋ ಥರ ಯೋಚನೆ ಮಾಡಿಸಿದ್ರು, ಉಳಿದವರಿಗೆ ಇನ್ನೂ ಬೇಕಾದಷ್ಟಿದೆ ಅನ್ನೋ ಥರ. ಇರೋ ದಿನ ಇಬ್ಬರಿಗೂ ಒಂದೇ. ಸ್ವಲ್ಪೇ ಇದೆ ಅಂದ್ಕೊಂಡವರು ಹೆಚ್ಚು ಖುಷಿಯಾಗಿದ್ರು, ಕಾಲೇಜಿನ ಚಟುವಟಿಕೆಗಳಲ್ಲೂ ಹೆಚ್ಚು ತೊಡಗಿಸ್ಕೊಂಡ್ರು. ಗೋಡೆ ಮೇಲಿನ ಗೆರೆಗಳು ನಂಗೆ ಮಾಡೋದೂ ಇದನ್ನೇ. ಬೆಳಕು ಇನ್ನು ಇಷ್ಟೇ ವಾರ ಅಂತ ಗೊತ್ತಿದ್ರೆ ನಾಳೆ ಹೋದ್ರಾಯ್ತು ಅನ್ನೋ ಮಾತು ಬಾಯಿಗೆ ಬರಲ್ಲ, ಇವತ್ತೇ ಚಪ್ಪಲಿ ಮೆಟ್ಕೊಂಡು ಹೊರಗೆ ಹೋಗ್ತೀನಿ.

ಹೊರಗೆ ಹೋದಾಗ ಫೋನ್ ಮನೇಲೇ ಬಿಡ್ತೀನಿ. ಫೋಟೋ ತೆಗೀಬಾರ್ದು ಅಂತಲ್ಲ, ಫೋಟೋ ತೆಗೆದ ತಕ್ಷಣ ನನ್ ಮನಸ್ಸು ನೋಡಿದ್ದಾಯ್ತು ಅಂತ ಬೇರೆ ಕಡೆ ಹೋಗ್ಬಿಡುತ್ತೆ. ಅದರ ಬದ್ಲು ಒಂದಿನಕ್ಕೆ ಒಂದನ್ನೇ ಹಿಡ್ಕೊಳ್ತೀನಿ: ಇವತ್ತು ಸದ್ದು ಮಾತ್ರ, ನಾಳೆ ವಾಸನೆ, ಇನ್ನೊಂದಿನ ಬರೀ ನೆರಳಿನ ಉದ್ದ. ಒಣಗಿದ ಹುಲ್ಲಿನ ವಾಸನೆ ಸಂಜೆ ತೇವ ತಾಗಿದ ಕೂಡ್ಲೇ ಬದಲಾಗೋದು ನಂಗೆ ಗೊತ್ತಾಗಿದ್ದೇ ಹಿಂಗೆ ಮಾಡಿದ್ಮೇಲೆ. ಮತ್ತೆ ಬಂದು ಮನೇಲಿ ಯಾರಿಗಾದ್ರೂ ಹೇಳ್ತೀನಿ, ಹೇಳೋವಾಗ ಇನ್ನೊಂದ್ಸಲ ಅನುಭವಿಸಿದಂಗೆ ಆಗುತ್ತೆ.

ನೀವೂ ಮಾಡೋದಾದ್ರೆ ಪೆನ್ಸಿಲ್ ತೆಳ್ಳಗೆ ಹಿಡೀರಿ, ಬೇಕಾದಾಗ ಅಳಿಸ್ಬೋದು. ಪಶ್ಚಿಮಕ್ಕೆ ಕಿಟಕಿ ಇಲ್ಲ ಅಂದ್ರೆ ನೆಲಕ್ಕೆ ಒಂದು ಕೋಲು ನೇರವಾಗಿ ನೆಟ್ಟು ಮಧ್ಯಾಹ್ನದ ನೆರಳಿನ ತುದಿಗೆ ಒಂದು ಕಲ್ಲು ಇಡಿ, ವಾರಕ್ಕೊಂದು ಸಾಕು, ಆದ್ರೆ ಪ್ರತಿ ಸಲ ಒಂದೇ ಟೈಮಿಗೆ ಇಡ್ಬೇಕು. ಭೂಮಧ್ಯರೇಖೆಗೆ ಹತ್ರ ಇರೋರಿಗೆ ಹಗಲಿನ ಉದ್ದ ಅಷ್ಟಾಗಿ ಬದಲಾಗಲ್ಲ, ಆದ್ರೂ ಸೂರ್ಯ ಮುಳುಗೋ ಜಾಗ ಸರಿಯೋದು ಅಲ್ಲೂ ಕಾಣುತ್ತೆ. ದಕ್ಷಿಣಾರ್ಧದಲ್ಲಿ ಇರೋರು ಡಿಸೆಂಬರ್ 21ರ ಹೊತ್ತಿಗೆ ಶುರು ಮಾಡಿ, ಅಲ್ಲಿ ಗೆರೆಗಳು ಉಲ್ಟಾ ದಿಕ್ಕಿಗೆ ಹೋಗ್ತವೆ.