ಬೆಳ್ಳಿ ನಾಣ್ಯ ಮಾರಿದಾಗ ಕೈಗೆ ಬಂದದ್ದೆಷ್ಟು: ನನ್ನ ಅನುಭವ

ಬೆಳ್ಳಿ ಮಾರಲು ಹೊರಟಾಗ ಎಲ್ಲರೂ ಹೇಳಿದ್ದು ಒಂದೇ ಮಾತು: "ಚೆನ್ನಾಗಿ ಚೌಕಾಸಿ ಮಾಡು." ಮಾರಿ, ತೆರಿಗೆ ಕಟ್ಟಿ, ರಿಟರ್ನ್ ಲೆಕ್ಕವನ್ನೂ ಹಾಕಿದ ಮೇಲೆ ನಾನು ಹೇಳುವುದು ಬೇರೆ. ಚೌಕಾಸಿಯಿಂದ ಉಳಿಯುವುದು ಸ್ವಲ್ಪ. ಕೊಂಡಾಗಿನ ಹಳೇ ಬಿಲ್ಲಿನಿಂದ ಉಳಿಯುವುದು ಅದರ ನಾಲ್ಕು ಪಟ್ಟು. ಲೆಕ್ಕ ಮುಂದೆ ಕೊಡುತ್ತೇನೆ.

ನಾನು ಮಾರಿದ್ದು 2025ರ ದೀಪಾವಳಿ ಸಮಯದಲ್ಲಿ, ಮಗನ ಕಾಲೇಜು ಫೀಸಿಗೆ. ಮನೆಯಲ್ಲಿ ಮೂರು ಬಗೆಯ ನಾಣ್ಯ ಇದ್ದವು. ಎಂಎಂಟಿಸಿ-ಪ್ಯಾಂಪ್ ಅನ್ನುವ ಕಂಪನಿಯ 999.9 ಶುದ್ಧತೆಯ (ಸಾವಿರಕ್ಕೆ 999.9 ಭಾಗ ಬೆಳ್ಳಿ) ಸೀಲ್ ಆದ ನಾಣ್ಯಗಳು. ಹಬ್ಬಕ್ಕೆ ಅಂತ ಒಡವೆ ಅಂಗಡಿಗಳಲ್ಲಿ ಕೊಂಡ ಲಕ್ಷ್ಮಿ ನಾಣ್ಯಗಳು. ಮತ್ತೆ ಅಜ್ಜನ ಕಾಲದ ಬ್ರಿಟಿಷ್ ರೂಪಾಯಿಗಳು. ಈ ಮೂರನ್ನೂ ಒಂದೇ ಚೀಲಕ್ಕೆ ಹಾಕಿ ತೂಗಿಸಬಾರದು.

ಹಳೇ ರೂಪಾಯಿಗಳನ್ನು ಮೊದಲೇ ಬೇರೆ ತೆಗೆದಿಟ್ಟೆ. 1939ರವರೆಗಿನ ಮಾಮೂಲು ಬೆಳ್ಳಿ ರೂಪಾಯಿ ಒಂದು ತೊಲ ತೂಗುತ್ತದೆ, ಅಂದರೆ 11.66 ಗ್ರಾಂ. ಅದರಲ್ಲಿ ಬೆಳ್ಳಿ ನೂರಕ್ಕೆ 91.7 ಭಾಗ. 1940ರಿಂದ ಬಂದವುಗಳಲ್ಲಿ ಬೆಳ್ಳಿ ಅರ್ಧ ಮಾತ್ರ. 1947ರದ್ದಂತೂ ನಿಕ್ಕಲ್. ಕೆಲವು ಇಸವಿ, ಕೆಲವು ಟಂಕಸಾಲೆಯ ಗುರುತಿಗೆ ಸಂಗ್ರಹಕಾರರು ಬೆಳ್ಳಿಯ ಬೆಲೆಗಿಂತ ಜಾಸ್ತಿ ಕೊಡುತ್ತಾರೆ. ಇವನ್ನು ಕರಗಿಸುವ ಅಂಗಡಿಗೆ ಕೊಡುವ ಮುಂಚೆ ನಾಣ್ಯ ಬಲ್ಲವರಿಗೆ ತೋರಿಸುವುದು ಒಳ್ಳೆಯದು. ನಾನು ಅವನ್ನು ಮಾರಲಿಲ್ಲ.

ಇನ್ನು ರೇಟಿನ ವಿಷಯ. ಬೆಳಿಗ್ಗೆ ಮೊಬೈಲಿನಲ್ಲಿ ನೋಡಿದ ರೇಟು ಅಂಗಡಿಯಲ್ಲಿ ಸಿಗುವುದಿಲ್ಲ. ಅದಕ್ಕೆ ಕಾರಣ ಮೋಸವೇ ಆಗಿರಬೇಕಿಲ್ಲ. ಬೆಳ್ಳಿ ಕೊಳ್ಳುವಾಗ ಶೇ 3 ಜಿಎಸ್‌ಟಿ ಕಟ್ಟುತ್ತೇವೆ, 2017ರಿಂದ ಹೀಗೇ ಇದೆ. ಪತ್ರಿಕೆಗಳಲ್ಲಿ ಬರುವ ದೆಹಲಿ ರೇಟು ಸಾಮಾನ್ಯವಾಗಿ ಎಲ್ಲ ತೆರಿಗೆ ಸೇರಿದ್ದು. ಮನೆಮಂದಿ ತಮ್ಮ ಹಳೇ ಬೆಳ್ಳಿ ಮಾರಿದರೆ ಅದಕ್ಕೆ ಜಿಎಸ್‌ಟಿ ಇಲ್ಲ. ನಾವು ಅಂಗಡಿಯವರಿಂದ ವಸೂಲಿ ಮಾಡುವ ಹಾಗೂ ಇಲ್ಲ, ಕಟ್ಟಬೇಕಾಗಿಯೂ ಇಲ್ಲ. ಹಾಗಾಗಿ ಮೊದಲು ಕೇಳಬೇಕಾದ್ದು "ಈ ರೇಟಿನಲ್ಲಿ ಜಿಎಸ್‌ಟಿ ಸೇರಿದೆಯಾ?" ಅಂತ. ಜಿಎಸ್‌ಟಿ ಇಲ್ಲದ ರೇಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಅದರಿಂದ ಎಷ್ಟು ಕಡಿಮೆ ಹೇಳುತ್ತಾರೆ ಅಂತ ನೋಡುತ್ತಾ ಹೋದೆ. ಕೊಂಡಾಗ ಕಟ್ಟಿದ ಮೇಕಿಂಗ್ ಚಾರ್ಜ್ ಅಂತೂ ಮಾರುವಾಗ ವಾಪಸ್ ಬರುವುದಿಲ್ಲ. ಅದು ನಾಣ್ಯದ ಚಂದಕ್ಕೆ ಕೊಟ್ಟ ದುಡ್ಡು.

ಆ ಅಕ್ಟೋಬರಿನಲ್ಲಿ ಮಾರುಕಟ್ಟೆ ಸುಮ್ಮನೆ ನಿಂತಿರಲಿಲ್ಲ. ಹಬ್ಬಕ್ಕೆ ಬೆಳ್ಳಿ ಸಾಲದೆ ಹೋಗಿ, ಕೆಲವು ಮ್ಯೂಚುವಲ್ ಫಂಡ್ ಸಂಸ್ಥೆಗಳು ತಮ್ಮ ಬೆಳ್ಳಿ ಯೋಜನೆಗಳಿಗೆ ಹೊಸ ದುಡ್ಡು ತೆಗೆದುಕೊಳ್ಳುವುದನ್ನೇ ಸ್ವಲ್ಪ ಕಾಲ ನಿಲ್ಲಿಸಿದ್ದವು. ಬೆಲೆ ಏರಿದಷ್ಟೇ ಬೇಗ ಇಳಿಯಿತು ಕೂಡ. ಇಂಥ ಹೊತ್ತಿನಲ್ಲಿ ವ್ಯಾಪಾರಿ ತಾನು ಕೊಳ್ಳುವ ರೇಟಿಗೂ ಮಾರುವ ರೇಟಿಗೂ ನಡುವಿನ ಅಂತರವನ್ನು ದೊಡ್ಡದು ಮಾಡಿಕೊಳ್ಳುತ್ತಾನೆ. ಕೊಂಡ ಬೆಳ್ಳಿಯನ್ನು ಅವನು ಮಾರುವಷ್ಟರಲ್ಲಿ ರೇಟು ಬಿದ್ದರೆ ನಷ್ಟ ಅವನದ್ದು. ಅದು ನ್ಯಾಯವೇ. ಆದರೆ ಒಂದೇ ದಿನ, ಒಂದೇ ಬೀದಿಯಲ್ಲಿ ಅಂಗಡಿಯಿಂದ ಅಂಗಡಿಗೆ ರೇಟು ಬೇರೆ ಬೇರೆ ಇತ್ತು. ಮೊದಲ ಅಂಗಡಿಯಲ್ಲೇ ಕೊಟ್ಟು ಬರಬಾರದು ಅಂತ ನಾನು ಹೇಳುವುದು ಇದಕ್ಕೇ.

ಯಾರಿಗೆ ಮಾರಬೇಕು? ಬ್ಯಾಂಕುಗಳು ನಾಣ್ಯ ಮಾರುತ್ತಿದ್ದವು, ವಾಪಸ್ ಕೊಳ್ಳುವುದಿಲ್ಲ. ದೊಡ್ಡ ಒಡವೆ ಅಂಗಡಿಗಳಲ್ಲಿ ಹಲವು ತಮ್ಮ ನಾಣ್ಯವನ್ನು ಮಾತ್ರ, ಅದೂ ಬಿಲ್ ಇದ್ದರೆ ತೆಗೆದುಕೊಳ್ಳುತ್ತವೆ. ಇಲ್ಲವೇ ಎಕ್ಸ್‌ಚೇಂಜ್ ಮಾಡಿ ಅನ್ನುತ್ತವೆ. ಎಕ್ಸ್‌ಚೇಂಜ್‌ಗೆ ರೇಟು ಚೆನ್ನಾಗಿಯೇ ಕೊಡುತ್ತಾರೆ. ಆದರೆ ಹೊಸ ಒಡವೆಯ ಪೂರ್ತಿ ಬೆಲೆಗೆ ಮತ್ತೆ ಮೇಕಿಂಗ್, ಮತ್ತೆ ಜಿಎಸ್‌ಟಿ. ಆದಾಯ ತೆರಿಗೆ ಕಾನೂನಿನಲ್ಲಿ ಅದಲು ಬದಲು ಮಾಡಿದರೂ ಮಾರಾಟ ಮಾಡಿದ ಹಾಗೆಯೇ ಲೆಕ್ಕ. ದುಡ್ಡು ಕೈಗೆ ಬರದಿದ್ದರೂ ಲಾಭಕ್ಕೆ ತೆರಿಗೆ ಬರುತ್ತದೆ. ನನಗೆ ಬೇಕಿದ್ದದ್ದು ದುಡ್ಡು. ಹಾಗಾಗಿ ಬೆಂಗಳೂರಿನ ನಗರ್ತಪೇಟೆಗೆ ಹೋದೆ. ಅಲ್ಲಿ ಚಿನ್ನ-ಬೆಳ್ಳಿಯ ಸಗಟು ವ್ಯಾಪಾರಿಗಳು, ಟಂಚ್ (ಲೋಹದ ಶುದ್ಧತೆ) ನೋಡುವವರು, ಕರಗಿಸುವವರು ಎಲ್ಲರೂ ಹತ್ತಿರ ಹತ್ತಿರದಲ್ಲೇ ಸಿಗುತ್ತಾರೆ.

ಟಂಚ್ ನೋಡುವ ಎಕ್ಸ್‌ರೇ ಮೆಷಿನ್ ಬಗ್ಗೆ ಒಂದು ಮಾತು. ಅದು ಲೋಹದ ಮೇಲಿನ ತೆಳು ಪದರವನ್ನಷ್ಟೇ ಓದುತ್ತದೆ. ಹತ್ತು ಗ್ರಾಂ ನಾಣ್ಯಕ್ಕೆ ಅಷ್ಟು ಸಾಕು ಅಂತ ಒಪ್ಪುತ್ತಾರೆ. ನೂರು ಗ್ರಾಂನ ದಪ್ಪ ನಾಣ್ಯ ಬಂದಾಗ ಒಳಗೆ ಬೇರೆ ಲೋಹ ಇರಬಹುದು ಅನ್ನುವ ಅನುಮಾನ ವ್ಯಾಪಾರಿಗೆ ಇದ್ದೇ ಇರುತ್ತದೆ. ಅದಕ್ಕೇ ಕತ್ತರಿಸಿ ನೋಡುತ್ತೇನೆ, ಕರಗಿಸುತ್ತೇನೆ ಅನ್ನುತ್ತಾನೆ. ಕರಗಿಸಿದರೆ ಕೂಲಿ ಬೇರೆ, ತೂಕದಲ್ಲಿ ಕಳೆಯುವುದು ಬೇರೆ. ಸೀಲ್ ಒಡೆಯದ, ಶುದ್ಧತೆ ಅಚ್ಚಾದ ಪ್ಯಾಕೆಟ್ಟು ಮತ್ತು ಅದರ ಬಿಲ್ ಎರಡೂ ಇದ್ದದ್ದರಿಂದ ನನ್ನ ಎಂಎಂಟಿಸಿ-ಪ್ಯಾಂಪ್ ನಾಣ್ಯಗಳನ್ನು ಕರಗಿಸದೇ ತೆಗೆದುಕೊಂಡರು. ದಯವಿಟ್ಟು ಆ ಪ್ಯಾಕೆಟ್ ಒಡೆಯಬೇಡಿ. ಹಬ್ಬದ ಲಕ್ಷ್ಮಿ ನಾಣ್ಯಗಳದ್ದು ಬೇರೆ ಕತೆ. ಬಣ್ಣ ಹಾಕಿದ್ದಕ್ಕೆ, ಚಿನ್ನದ ಲೇಪಕ್ಕೆ ತೂಕ ಕಳೆದರು. ಎರಡು ನಾಣ್ಯಗಳ ಟಂಚ್ ಕಡಿಮೆ ಬಂತು.

ನಾಣ್ಯ ಕಪ್ಪಾಗಿದೆ ಅಂತ ಉಜ್ಜಿ ತೊಳೆಯುವ ಕೆಲಸವೂ ಬೇಡ. ಆ ಕಪ್ಪು ಗಾಳಿಯಲ್ಲಿರುವ ಗಂಧಕದಿಂದ ಬಂದದ್ದು, ವ್ಯಾಪಾರಿ ಅದಕ್ಕೆ ದುಡ್ಡು ಕಡಿಮೆ ಮಾಡುವುದಿಲ್ಲ. ಉಜ್ಜಿದರೆ ಹೋಗುವುದು ಬೆಳ್ಳಿಯೇ.

ಕರಗಿಸುವುದಕ್ಕೆ ಒಪ್ಪುವ ಮುಂಚೆ ರೇಟು, ಕರಗಿಸುವ ಕೂಲಿ, ಕಳೆಯುವ ತೂಕ ಮೂರನ್ನೂ ಬಾಯಿ ಬಿಟ್ಟು ಕೇಳಿ ಬರೆಸಿಕೊಳ್ಳಬೇಕು. ಒಮ್ಮೆ ಕರಗಿಸಿದ ಮೇಲೆ ನಾಣ್ಯ ಎತ್ತಿಕೊಂಡು ಪಕ್ಕದ ಅಂಗಡಿಗೆ ಹೋಗಲು ಆಗುವುದಿಲ್ಲ. ತಕ್ಕಡಿ ಸೊನ್ನೆ ತೋರಿಸುತ್ತಿದೆಯಾ ಅಂತ ಪ್ರತಿ ಸಲವೂ ನೋಡಿದೆ. ಕೊನೆಗೆ ಖರೀದಿ ಚೀಟಿ ಕೇಳಿ ಪಡೆದೆ. ಅದರಲ್ಲಿ ತೂಕ, ಟಂಚ್, ರೇಟು, ಕಡಿತ, ಕೊಟ್ಟ ಮೊತ್ತ, ಅಂಗಡಿಯ ಜಿಎಸ್‌ಟಿ ನಂಬರ್ ಎಲ್ಲ ಇರಬೇಕು. ಅವರು ನನ್ನ ಆಧಾರ್ ಮತ್ತು ಪ್ಯಾನ್ ಪ್ರತಿ ತೆಗೆದುಕೊಂಡರು. ಕಳವು ಮಾಲು ಅಲ್ಲ ಅನ್ನುವುದಕ್ಕೆ ಅವರಿಗೂ ದಾಖಲೆ ಬೇಕಲ್ವಾ?

ದುಡ್ಡನ್ನು ಬ್ಯಾಂಕ್ ಖಾತೆಗೇ ಹಾಕಿಸಿಕೊಂಡೆ. ವ್ಯಾಪಾರಿ ಒಬ್ಬರಿಗೆ ಒಂದು ದಿನದಲ್ಲಿ 10,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಅದನ್ನು ಖರ್ಚು ಅಂತ ತೋರಿಸಲು ಆಗುವುದಿಲ್ಲ. ಆದ್ದರಿಂದ ಲೆಕ್ಕ ಸರಿಯಾಗಿ ಇಡುವವರು ತಾವೇ ಖಾತೆಗೆ ಹಾಕುತ್ತೇವೆ ಅನ್ನುತ್ತಾರೆ. ನಮಗೂ ಒಂದು ಮಿತಿ ಇದೆ. ಒಬ್ಬರಿಂದ ಒಂದು ದಿನಕ್ಕೆ, ಅಥವಾ ಒಂದೇ ವ್ಯವಹಾರಕ್ಕೆ, 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ಪಡೆಯುವ ಹಾಗಿಲ್ಲ. ಪಡೆದರೆ ಅಷ್ಟೇ ಮೊತ್ತದ ದಂಡ, ಅದೂ ಪಡೆದವರ ಮೇಲೆ. "ಅರ್ಧ ಕ್ಯಾಶ್ ಕೊಡ್ತೀನಿ, ರೇಟು ಜಾಸ್ತಿ ಹಾಕ್ತೀನಿ" ಅಂತ ಒಬ್ಬರು ಅಂದರು. ನಾನು ಅಲ್ಲಿಂದ ಎದ್ದು ಬಂದೆ.

ಈಗ ತೆರಿಗೆ. "ಪೂಜೆಗೆ ಇಟ್ಟ ನಾಣ್ಯಕ್ಕೆಲ್ಲ ತೆರಿಗೆ ಏನು?" ಅಂತ ಮನೆಯಲ್ಲಿ ಕೇಳಿದರು. ಈ ಪ್ರಶ್ನೆ ಸುಪ್ರೀಂ ಕೋರ್ಟ್‌ವರೆಗೆ ಹೋಗಿ ಬಂದಿದೆ. ಧೋಲ್‌ಪುರದ ಮಹಾರಾಜ ಹೇಮಂತ್ ಸಿಂಗ್ ಅವರ ಪ್ರಕರಣದಲ್ಲಿ, ಲಕ್ಷ್ಮಿ ಪೂಜೆಗೆ ಇಡುತ್ತಿದ್ದ ಚಿನ್ನ, ಬೆಳ್ಳಿ ನಾಣ್ಯ ಮತ್ತು ಬೆಳ್ಳಿ ಗಟ್ಟಿಗಳು ಸ್ವಂತ ಬಳಕೆಯ ವಸ್ತು ಅಲ್ಲ ಅಂತ 1976ರಲ್ಲಿ ತೀರ್ಪು ಬಂತು. ಅಂದರೆ ಮಾರಿದ ಲಾಭಕ್ಕೆ ತೆರಿಗೆ ಇದೆ.

2024ರ ಜುಲೈ 23ರಿಂದ ನಿಯಮ ಹೀಗಿದೆ. ನಾಣ್ಯ ನಮ್ಮ ಹತ್ತಿರ 24 ತಿಂಗಳಿಗಿಂತ ಜಾಸ್ತಿ ಇದ್ದರೆ ಅದು ದೀರ್ಘಾವಧಿ ಲಾಭ, ತೆರಿಗೆ ಶೇ 12.5. ಅದರ ಮೇಲೆ ಶೇ 4 ಸೆಸ್, ಒಟ್ಟು ಶೇ 13. ಹಣದುಬ್ಬರಕ್ಕೆ ಹೊಂದಿಸಿ ಖರೀದಿ ಬೆಲೆ ಏರಿಸಿಕೊಳ್ಳುವ ಹಳೇ ಸೌಲಭ್ಯ ಬೆಳ್ಳಿಗೆ ಈಗ ಇಲ್ಲ. 24 ತಿಂಗಳ ಒಳಗೆ ಮಾರಿದರೆ ಲಾಭ ನಮ್ಮ ಸಂಬಳದ ಜತೆ ಸೇರಿ ಸ್ಲ್ಯಾಬ್ ಪ್ರಕಾರ ತೆರಿಗೆ. ಶೇ 30ರ ಸ್ಲ್ಯಾಬಿನವರಿಗೆ ಸೆಸ್ ಸೇರಿ ಶೇ 31.2. ಷೇರಿನ ಲಾಭಕ್ಕೆ ಇರುವ 1.25 ಲಕ್ಷದ ವಿನಾಯಿತಿ ಬೆಳ್ಳಿಗೆ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲ ಅನ್ನುವ ರಿಬೇಟ್ ಕೂಡ ಈ ದೀರ್ಘಾವಧಿ ಲಾಭದ ತೆರಿಗೆಗೆ ಸಿಗುವುದಿಲ್ಲ. ಇದು ತುಂಬಾ ಜನಕ್ಕೆ ಗೊತ್ತಿಲ್ಲ.

ಈಗ ಮೊದಲು ಹೇಳಿದ ಲೆಕ್ಕ. ಸುಲಭವಾಗಲಿ ಅಂತ ದುಂಡು ಅಂಕಿಗಳಲ್ಲಿ, ಒಂದು ಕೆಜಿಗೆ ಹಾಕುತ್ತೇನೆ. ಬೆಳ್ಳಿ ಕೆಜಿಗೆ 40,000 ಇದ್ದಾಗ ಕೊಂಡಿದ್ದು. ಮೇಕಿಂಗ್ ಶೇ 8 ಸೇರಿ 43,200. ಶೇ 3 ಜಿಎಸ್‌ಟಿ 1,296. ಒಟ್ಟು 44,496. ಮೇಕಿಂಗ್ ಮತ್ತು ಜಿಎಸ್‌ಟಿ ಎರಡೂ ಖರೀದಿ ಬೆಲೆಯಲ್ಲಿ ಸೇರುತ್ತವೆ, ಬಿಡಬೇಡಿ. ಮಾರುವಾಗ ರೇಟು 1,50,000. ವ್ಯಾಪಾರಿ ಶೇ 6 ಕಡಿಮೆ ಮಾಡಿ 1,41,000 ಕೊಟ್ಟ. ಟಂಚ್ ನೋಡಿದ್ದಕ್ಕೆ ಮತ್ತು ಕೂಲಿಗೆ 500 ಹೋಯಿತು. ಮಾರಾಟಕ್ಕೆಂದೇ ಮಾಡಿದ ಈ ಖರ್ಚನ್ನೂ ಕಳೆಯಬಹುದು, ಲಾಕರ್ ಬಾಡಿಗೆಯನ್ನು ಕಳೆಯುವ ಹಾಗಿಲ್ಲ. ಲಾಭ 96,004. ಶೇ 13 ಅಂದರೆ ತೆರಿಗೆ ಸುಮಾರು 12,480. ಕೈಗೆ ಉಳಿದದ್ದು 1,28,020.

ಇದೇ ನಾಣ್ಯಕ್ಕೆ ಬಿಲ್ ಇಲ್ಲ, ಖರೀದಿ ಬೆಲೆ ತೋರಿಸಲು ಏನೂ ಇಲ್ಲ ಅಂದುಕೊಳ್ಳಿ. ಬೆಲೆಯನ್ನು ಸೊನ್ನೆ ಅಂತ ಹಿಡಿದರೆ 1,40,500 ಪೂರ್ತಿ ಲಾಭ, ತೆರಿಗೆ 18,265. ಅಂದರೆ 5,785 ರೂಪಾಯಿ ಜಾಸ್ತಿ. ಅರ್ಧ ದಿನ ಚೌಕಾಸಿ ಮಾಡಿ ಶೇ 1 ಜಾಸ್ತಿ ಪಡೆದರೂ ಸಿಗುವುದು ಸುಮಾರು 1,400. ಕೊಂಡ ತಾರೀಖಿಗೂ ಬಿಲ್ಲೇ ಸಾಕ್ಷಿ. 24 ತಿಂಗಳು ದಾಟಿದೆ ಅಂತ ತೋರಿಸಲು ಆಗದೇ ಶೇ 31.2ಕ್ಕೆ ಹೋದರೆ, ಖರೀದಿ ಬೆಲೆ ಒಪ್ಪಿಕೊಂಡರೂ ತೆರಿಗೆ ಸುಮಾರು 29,950 ಆಗುತ್ತದೆ. ಅಂಗಡಿಯ ಹೊಳಪು ಕಾಗದದ ಬಿಲ್ ಕೆಲವು ವರ್ಷಕ್ಕೆ ಮಾಸಿ ಬಿಳಿ ಹಾಳೆ ಆಗುತ್ತದೆ. ಕೊಂಡ ದಿನವೇ ಫೋಟೋ ತೆಗೆದು, ಒಂದು ಜೆರಾಕ್ಸ್ ಮಾಡಿಸಿ ನಾಣ್ಯದ ಜತೆ ಇಡಿ. ಬಿಲ್ ಕಳೆದಿದ್ದರೆ ಕಾರ್ಡ್ ಸ್ಟೇಟ್‌ಮೆಂಟ್, ಆರ್ಡರ್ ಮಾಡಿದ ಇಮೇಲ್ ಹುಡುಕಿ. ಅಂಗಡಿಯವರ ಹತ್ತಿರ ನಕಲು ಕೇಳಿ.

ಅಪ್ಪ-ಅಮ್ಮನಿಂದ ಬಂದ ನಾಣ್ಯಕ್ಕೆ ಅವರು ಕೊಟ್ಟ ಬೆಲೆಯೇ ನಮ್ಮ ಖರೀದಿ ಬೆಲೆ, ಅವರು ಇಟ್ಟುಕೊಂಡಿದ್ದ ಕಾಲವೂ ನಮ್ಮ ಲೆಕ್ಕಕ್ಕೆ ಸೇರುತ್ತದೆ. ಅವರು 2001ರ ಏಪ್ರಿಲ್ 1ಕ್ಕೂ ಮುಂಚೆ ಕೊಂಡಿದ್ದರೆ ಆ ದಿನದ ಮಾರುಕಟ್ಟೆ ಬೆಲೆಯನ್ನು ಹಿಡಿಯಬಹುದು. ಆಗ ಬೆಳ್ಳಿ ಕೆಜಿಗೆ ಏಳು ಸಾವಿರದ ಆಸುಪಾಸಿನಲ್ಲಿತ್ತು.

ಅಮ್ಮ ತನ್ನ ದುಡ್ಡಿನಲ್ಲಿ ಕೊಂಡಿದ್ದ ನಾಣ್ಯಗಳನ್ನು ನನ್ನ ನಾಣ್ಯದ ಜತೆ ಸೇರಿಸಲಿಲ್ಲ. ಅಮ್ಮನ ಪ್ಯಾನ್, ಅಮ್ಮನ ಖಾತೆ, ಬೇರೆ ಚೀಟಿ. ಹೊಸ ಪದ್ಧತಿಯಲ್ಲಿ ಮೂಲ ವಿನಾಯಿತಿ 4 ಲಕ್ಷ. ಅವರ ಬೇರೆ ಆದಾಯ ಎರಡೂವರೆ ಲಕ್ಷದ ಒಳಗೇ ಇತ್ತು. ಭಾರತದಲ್ಲೇ ವಾಸ ಇರುವವರು ಮಿಕ್ಕ ವಿನಾಯಿತಿಯನ್ನು ದೀರ್ಘಾವಧಿ ಲಾಭಕ್ಕೆ ಬಳಸಿಕೊಳ್ಳಬಹುದು. ಹಾಗಾಗಿ ಅಮ್ಮನಿಗೆ ತೆರಿಗೆ ಬರಲೇ ಇಲ್ಲ. ಇದನ್ನೇ ಹೆಂಡತಿಗೆ ನಾಣ್ಯ ಉಡುಗೊರೆ ಕೊಟ್ಟು ಮಾಡಲು ಹೋದರೆ ನಡೆಯುವುದಿಲ್ಲ. ಆ ಲಾಭ ಗಂಡನ ಆದಾಯಕ್ಕೇ ಬಂದು ಸೇರುತ್ತದೆ.

ಕೆಲವು ನಾಣ್ಯಗಳನ್ನು ನೆಂಟರೊಬ್ಬರಿಗೆ ಕೊಟ್ಟೆ. ಅಂಗಡಿ ಕೊಳ್ಳುವ ರೇಟಿಗೂ ಮಾರುವ ರೇಟಿಗೂ ನಡುವೆ ಒಂದು ಬೆಲೆ ಮಾಡಿಕೊಂಡೆವು, ಇಬ್ಬರಿಗೂ ಉಳಿಯಿತು. ದುಡ್ಡು ಯುಪಿಐನಲ್ಲಿ ಬಂತು, ಸಹಿ ಮಾಡಿದ ರಸೀತಿ ಕೊಟ್ಟೆ. ತೆರಿಗೆ ಲೆಕ್ಕ ಇಲ್ಲೂ ಅದೇ. ಆದರೆ ಕೊಂಡು ಮಾರುವುದೇ ಅಭ್ಯಾಸ ಆದರೆ ಅದು ವ್ಯಾಪಾರ ಆಗುತ್ತದೆ, ಆಗ ನಿಯಮಗಳೇ ಬೇರೆ.

ಅಂಗಡಿಯವರು ನಮ್ಮಂಥವರಿಂದ ಕೊಳ್ಳುವಾಗ ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುವುದಿಲ್ಲ. ಆದ್ದರಿಂದ ಕಟ್ಟುವ ಹೊಣೆ ಪೂರ್ತಿ ನಮ್ಮದೇ. ವರ್ಷದ ಬಾಕಿ ತೆರಿಗೆ 10,000 ಅಥವಾ ಜಾಸ್ತಿ ಇದ್ದರೆ ಮುಂಗಡ ತೆರಿಗೆ ಕಟ್ಟಬೇಕು. ನಾನು ಮಾರಿದ್ದು ಅಕ್ಟೋಬರಿನಲ್ಲಿ, ಹಾಗಾಗಿ ಜೂನ್ ಮತ್ತು ಸೆಪ್ಟೆಂಬರ್ ಕಂತಿಗೆ ಬಡ್ಡಿ ಇಲ್ಲ. ಡಿಸೆಂಬರ್ 15ರೊಳಗೆ ಪೋರ್ಟಲ್‌ನಲ್ಲಿ ಕಟ್ಟಿ ಚಲನ್ ಇಟ್ಟುಕೊಂಡೆ. ವ್ಯಾಪಾರದ ಆದಾಯ ಇಲ್ಲದ ಹಿರಿಯ ನಾಗರಿಕರಿಗೆ ಮುಂಗಡ ತೆರಿಗೆಯ ಗೋಜಿಲ್ಲ. ರಿಟರ್ನ್‌ಗೆ ಐಟಿಆರ್-1 ಆಗುವುದಿಲ್ಲ, ಐಟಿಆರ್-2 ತುಂಬಬೇಕು. ಕಡಿಮೆ ಟಂಚ್ ಬಂದ ಆ ಎರಡು ಲಕ್ಷ್ಮಿ ನಾಣ್ಯಗಳಿಗೂ ಬಿಲ್ ಇದ್ದವು. ಅವುಗಳ ವಿವರವನ್ನೂ ಮಿಕ್ಕ ನಾಣ್ಯಗಳ ಲೆಕ್ಕದ ಹಾಳೆಯಲ್ಲೇ ಕೊಂಡ ತಾರೀಖು, ತೂಕ, ಕೊಟ್ಟ ಬೆಲೆ, ಮಾರಿದ ಬೆಲೆ ಸಮೇತ ಬರೆದು ಲೆಕ್ಕ ಪರಿಶೋಧಕರಿಗೆ ಕೊಟ್ಟಿದ್ದೇನೆ.