ಮಗುವಿನ ಜ್ವರ, ನೆಗಡಿ, ಹೆಜ್ಜೆ: ಐದು ಅಂಕಣದ ನೋಟ್‌ಬುಕ್ ಕೆಲಸಕ್ಕೆ ಬಂದ ಬಗೆ

ಮಗುವಿನ ನೆಗಡಿ-ಭೇದಿಯನ್ನೆಲ್ಲ ಬರೆದಿಡುವುದು ವ್ಯರ್ಥ ಎಂದವರೇ ಹೆಚ್ಚು. ಮುಖ ನೋಡಿದರೆ ಗೊತ್ತಾಗುತ್ತದೆ, ಪುಸ್ತಕ ಯಾಕೆ ಎಂಬ ವಾದ. ಮುಖ ನೋಡಿದರೆ ಗೊತ್ತಾಗುವುದು ನಿಜ. ಆದರೆ ನಡುರಾತ್ರಿ ಕೊಟ್ಟ ಔಷಧಿಯ ಹೊತ್ತು ಬೆಳಿಗ್ಗೆ ಮನೆಯಲ್ಲಿ ಒಬ್ಬೊಬ್ಬರ ಬಾಯಲ್ಲಿ ಒಂದೊಂದು. ಈಗ ನಮ್ಮ ಮಕ್ಕಳ ವೈದ್ಯರು ಸ್ಟೆತಸ್ಕೋಪ್ ಎತ್ತುವ ಮೊದಲು ಕೇಳುವುದೇ ಆ ನೋಟ್‌ಬುಕ್ಕನ್ನು. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಮೊಬೈಲ್ ಆ್ಯಪ್ ಸಾಗಲಿಲ್ಲ. ಒಂದು ಕೈಯಲ್ಲಿ ಮಗು, ಕತ್ತಲಲ್ಲಿ ಪರದೆಯ ಬೆಳಕು, ತುಂಬಬೇಕಾದ ಹತ್ತಾರು ಖಾನೆ. ಹಣ ಕಟ್ಟಿದ ಆವೃತ್ತಿಯಲ್ಲಿ ಖಾನೆಗಳು ಇನ್ನೂ ಹೆಚ್ಚು. ಗೋಡೆಗೆ ಅಂಟಿಸಿದ ಹಾಳೆ ಮಗುವಿನ ಕೈಗೆ ಸಿಕ್ಕಿ ಹರಿಯಿತು. ಉಳಿದದ್ದು ಅಂಗೈಯಗಲದ ನೋಟ್‌ಬುಕ್, ದೊಡ್ಡವರ ಎದೆಯೆತ್ತರದ ಮೊಳೆಗೆ ನೇತುಹಾಕಿದ್ದು. ಐದೇ ಅಂಕಣ: ಹೊತ್ತು, ತಾಪ, ಒಳಗೆ ಹೋದದ್ದು, ಹೊರಗೆ ಬಂದದ್ದು, ಆಟ.

ಈ ಐದನೆಯದೇ ಇಡೀ ಪುಸ್ತಕದ ಜೀವ. ಆಡುತ್ತಿದ್ದರೆ 2, ಮಡಿಲು ಬಿಡದೆ ಕೂತು ನೋಡುತ್ತಿದ್ದರೆ 1, ತಾಪ ಇಳಿದ ಮೇಲೂ ಸೋತು ಮಲಗಿದ್ದರೆ 0. ತಾಪ 39.5 ಡಿಗ್ರಿ ಸೆಲ್ಸಿಯಸ್ ಇದ್ದೂ ಔಷಧಿ ಕೊಟ್ಟ ಒಂದು ಗಂಟೆಗೆ 2 ಬರೆಯುವಂತಾದರೆ ಮನೆಯಲ್ಲೇ ಕಾಯುತ್ತೇನೆ. 38.2 ಇದ್ದು ಆಟ 0 ಎಂದಾದರೆ ಕಾಯುವುದಿಲ್ಲ, ಹೊರಟೆವು. ಜ್ವರದ ಅಂಕಿಗೆ ಹೆದರಿ ಓಡುವುದು ತಪ್ಪಿದ್ದು ಈ ಒಂದು ಅಂಕಣದಿಂದ.

ಹಣೆಗೆ ಹಿಡಿಯುವ ಥರ್ಮಾಮೀಟರ್‌ಗೆ ಸುರಿದ ದುಡ್ಡು ದಂಡ. ಹಣೆ ಬೆವರಿದ್ದರೆ, ಫ್ಯಾನ್ ಕೆಳಗಿದ್ದರೆ, ಒಂದೇ ಮಗುವಿಗೆ ಎರಡು ಸಲ ಹಿಡಿದರೆ ಹೆಚ್ಚುಕಡಿಮೆ ಒಂದು ಡಿಗ್ರಿ ಆಚೀಚೆ. ಸಾದಾ ಡಿಜಿಟಲ್ ಕಡ್ಡಿಯೇ ವಾಸಿ: ಕಂಕುಳನ್ನು ಒರೆಸಿ, ತುದಿ ಚರ್ಮಕ್ಕೆ ತಾಗಿಸಿ, ತೋಳನ್ನು ಮೈಗೆ ಒತ್ತಿ ಹಿಡಿದು, ಬೀಪ್ ಆದ ಮೇಲೂ ಒಂದು ನಿಮಿಷ ಬಿಡಬೇಕು. ಕಂಕುಳಿನ ಅಂಕಿಗೆ ಅರ್ಧ ಡಿಗ್ರಿ ಕೂಡಿಸಿ ಬರೆಯುವ ಚಾಳಿ ಬೇಡ. ಬಂದ ಅಂಕಿಯನ್ನೇ ಬರೆದು ಪಕ್ಕದಲ್ಲಿ 'ಕಂ' ಎಂದು ಗುರುತು ಹಾಕಿದರೆ ಸಾಕು. ಮಗು ಚೆನ್ನಾಗಿದ್ದಾಗಲೂ ಕೆಲವು ದಿನ ಬೆಳಿಗ್ಗೆ-ಸಂಜೆ ನೋಡಿದ್ದುಂಟು. ಸಂಜೆ ಸುಮಾರು ಅರ್ಧ ಡಿಗ್ರಿ ಮೇಲೇ ಇರುತ್ತದೆ. ಹಾಗಾಗಿ ಸಂಜೆಯ 37.4 ಜ್ವರವಲ್ಲ, 38 ದಾಟಿದರೆ ಲೆಕ್ಕಕ್ಕೆ.

ಪ್ಯಾರಾಸಿಟಮಾಲ್ ಅನ್ನು ಮಿ.ಲೀ.ನಲ್ಲಿ ಬರೆಯಬೇಡಿ, ಮಿ.ಗ್ರಾಂ.ನಲ್ಲೇ ಬರೆಯಿರಿ. ತೂಕದ ಕಿಲೋಗೆ 15 ಮಿ.ಗ್ರಾಂ., ಅಂದರೆ 10 ಕಿಲೋ ಮಗುವಿಗೆ ಒಂದು ಸಲಕ್ಕೆ 150. ಇದೇ 150 ಮಿ.ಗ್ರಾಂ. ಎಂಬುದು 5 ಮಿ.ಲೀ.ಗೆ 120 ಇರುವ ಸಿರಪ್‌ನಲ್ಲಿ ಆರು ಮಿ.ಲೀ. ಚಿಲ್ಲರೆ, 250 ಇರುವುದರಲ್ಲಿ 3 ಮಿ.ಲೀ., ಮಿ.ಲೀ.ಗೆ 100 ಇರುವ ಡ್ರಾಪ್ಸ್‌ನಲ್ಲಿ ಒಂದೂವರೆ ಮಾತ್ರ. ಸಿರಪ್‌ನ ಅಳತೆಯಲ್ಲಿ ಡ್ರಾಪ್ಸ್ ಹೋದರೆ ನಾಲ್ಕು ಪಟ್ಟು. ಮನೆಯಲ್ಲಿ ಒಂದೇ ಬಗೆಯ ಬಾಟಲಿ ಇರಲಿ, ಚಮಚ ಬಿಟ್ಟು ಸೂಜಿಯಿಲ್ಲದ ಸಿರಿಂಜ್ ಬಳಸಿ, ಪ್ರತಿ ಪುಟದ ತಲೆಯಲ್ಲಿ ಈಚಿನ ತೂಕ ಬರೆಯಿರಿ. ನಡುವೆ ನಾಲ್ಕರಿಂದ ಆರು ಗಂಟೆ ಅಂತರ, 24 ಗಂಟೆಯಲ್ಲಿ ನಾಲ್ಕು ಸಲ ಮೀರಬಾರದು. ಕಫದ ಸಿರಪ್ ಯಾವುದಾದರೂ ಕೊಡುತ್ತಿದ್ದರೆ ಅದರೊಳಗೂ ಪ್ಯಾರಾಸಿಟಮಾಲ್ ಇದೆಯೇ ಎಂದು ಲೇಬಲ್ ಓದಿ.

ಕಫದ ಸಿರಪ್‌ಗಳ ಮಾತು ಬಂತು. ಹಣ ಹೋದ ದೊಡ್ಡ ತೂತು ಅದೇ. ನೆಗಡಿ ಒಂದು ವಾರದಲ್ಲಿ ಇಳಿದರೂ ಕೆಮ್ಮು ಎರಡು ಮೂರು ವಾರ ಎಳೆಯುತ್ತದೆ, ಸಿರಪ್ ಕೊಟ್ಟರೂ ಅಷ್ಟೇ, ಬಿಟ್ಟರೂ ಅಷ್ಟೇ. ಹಿಂದಿನ ಪುಟಗಳನ್ನು ತಿರುವಿದರೆ ಇದು ಕಣ್ಣಿಗೇ ಕಾಣುತ್ತದೆ. ಸಿಂಬಳ ಹಸಿರಾದ ಮಾತ್ರಕ್ಕೆ ಆ್ಯಂಟಿಬಯಾಟಿಕ್ ಬೇಕಾಗುವುದಿಲ್ಲ. ಮೂಗಿಗೆ ಸಲೈನ್ (ಉಪ್ಪುನೀರಿನ) ಹನಿ ಎರಡೆರಡು, ಹಾಲು ಕುಡಿಸುವ ಮತ್ತು ಮಲಗಿಸುವ ಸ್ವಲ್ಪ ಮೊದಲು. ಮೋಟಾರಿನ ಸಿಂಬಳ ಸೇದುವ ಯಂತ್ರ ಬೇಡ. ವರ್ಷ ತುಂಬಿದ್ದರೆ ಮಲಗುವಾಗ ಅರ್ಧ ಚಮಚ ಜೇನು. ವರ್ಷದೊಳಗಿನ ಕೂಸಿಗೆ ಜೇನು ಸುತರಾಂ ಕೂಡದು.

ಕೆಮ್ಮಿನ ಸದ್ದಿಗಿಂತ ಉಸಿರಿನ ಎಣಿಕೆ ಮುಖ್ಯ. ಮಗು ಮಲಗಿದ್ದಾಗ ಅಂಗಿ ಎತ್ತಿ, ಪೂರ್ತಿ ಒಂದು ನಿಮಿಷ ಎಣಿಸಬೇಕು. ಚಿಕ್ಕ ಮಕ್ಕಳ ಉಸಿರು ಏರಿಳಿಯುವುದರಿಂದ ಅರ್ಧ ನಿಮಿಷ ಎಣಿಸಿ ಇಮ್ಮಡಿ ಮಾಡಿದರೆ ಲೆಕ್ಕ ಕೆಡುತ್ತದೆ. ಒಂದರಿಂದ ಐದು ವರ್ಷದೊಳಗೆ ನಿಮಿಷಕ್ಕೆ 40 ಅಥವಾ ಮೇಲಿದ್ದರೆ ವೇಗದ ಉಸಿರು. ಜ್ವರವೂ ಉಸಿರನ್ನು ಏರಿಸುತ್ತದೆ, ಆದ್ದರಿಂದ ತಾಪ ಇಳಿದ ಮೇಲೆ ಇನ್ನೊಮ್ಮೆ ಎಣಿಸಿ. ಆಗಲೂ ಅಷ್ಟೇ ಇದ್ದರೆ ವೈದ್ಯರ ಬಳಿಗೆ. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ ಎಣಿಸುತ್ತಾ ಕೂರುವುದೂ ಬೇಡ.

ಭೇದಿಯಲ್ಲಿ ನಾಲ್ಕನೆಯ ಅಂಕಣ ದುಡಿಯುತ್ತದೆ. ಎಷ್ಟು ಸಲ ಭೇದಿಯಾಯಿತು ಎಂಬುದಕ್ಕಿಂತ ಕೊನೆಯ ಮೂತ್ರ ಯಾವಾಗ ಎಂಬುದು ದೊಡ್ಡ ಪ್ರಶ್ನೆ. ಆರೆಂಟು ಗಂಟೆ ಡೈಪರ್ ಒಣಗಿದ್ದರೆ, ಅಳುವಾಗ ಕಣ್ಣೀರಿಲ್ಲದಿದ್ದರೆ ತಡಮಾಡಬಾರದು. ನೀರಾದ ಭೇದಿಯಿದ್ದಾಗ ಡೈಪರ್‌ನಲ್ಲಿ ಮೂತ್ರ ಗೊತ್ತಾಗುವುದಿಲ್ಲ. ಮುಂದುಗಡೆ ಒಂದು ತುಂಡು ಹತ್ತಿ ಇಟ್ಟರೆ ತಿಳಿಯುತ್ತದೆ. ಎರಡು ವರ್ಷದೊಳಗಿನವರಿಗೆ ಪ್ರತಿ ಭೇದಿಗೆ 50ರಿಂದ 100 ಮಿ.ಲೀ. ಓಆರ್‌ಎಸ್. ಪೊಟ್ಟಣದ ಮೇಲೆ ಒಂದು ಲೀಟರಿಗೋ 200 ಮಿ.ಲೀ.ಗೋ ನೋಡಿ ಪೂರ್ತಿ ಪೊಟ್ಟಣ ಕದಡಬೇಕು. ಅಂದಾಜಿನಲ್ಲಿ ಅರ್ಧ ಪೊಟ್ಟಣ ಹಾಕಿದರೆ ಉಪ್ಪಿನ ಹದ ಕೆಡುತ್ತದೆ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಎರಡು ಮೂರು ನಿಮಿಷಕ್ಕೊಂದು ಚಮಚ. ಜೊತೆಗೆ ಸತು (ಜಿಂಕ್), ಆರು ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿ.ಗ್ರಾಂ., 10ರಿಂದ 14 ದಿನ. ಭೇದಿ ನಿಂತಿತೆಂದು ಸತು ನಿಲ್ಲಿಸುವವರೇ ಹೆಚ್ಚು. ಬಾಯಿ ಬಿಗಿಹಿಡಿವ ಮಗುವಿಗೆ ಓಆರ್‌ಎಸ್ ಕುಡಿಸುವ ನನ್ನ ಉಪಾಯವೊಂದಿದೆ, ಅದನ್ನು ಇಲ್ಲಿ ಬಿಚ್ಚುವುದಿಲ್ಲ. ನಿಮ್ಮ ಮಗುವಿನದು ನಿಮಗೇ ಸಿಗುತ್ತದೆ.

ಹಲ್ಲು ಬರುವ ಜ್ವರ ಎಂಬ ಮಾತನ್ನೂ ಇದೇ ಪುಟಗಳಲ್ಲಿ ಪರೀಕ್ಷಿಸಿದ್ದೇನೆ. ಹೊಸ ಹಲ್ಲಿನ ದಿನಗಳಲ್ಲಿ ಜೊಲ್ಲು, ಕಚ್ಚುವುದು, ನಿದ್ದೆ ಕೆಡುವುದು ಇದ್ದೇ ಇತ್ತು; 38.5 ದಾಟಿದಾಗಲೆಲ್ಲ ಪಕ್ಕದಲ್ಲಿ ಸೋರುವ ಮೂಗೋ ಭೇದಿಯೋ ಬರೆದಿತ್ತು. ಮೂರು ದಿನ ಜೋರು ಜ್ವರ, ಆಟ 1 ಮತ್ತು 2ರ ನಡುವೆ, ಜ್ವರ ಬಿಟ್ಟ ದಿನವೇ ಎದೆ-ಬೆನ್ನಿಗೆ ಗುಲಾಬಿ ದದ್ದು: ಈ ಸಾಲನ್ನು ಓದಿಯೇ ವೈದ್ಯರು ರೋಸಿಯೋಲಾ (ಚಿಕ್ಕ ಮಕ್ಕಳಿಗೆ ವೈರಸ್‌ನಿಂದ ಬರುವ ದದ್ದಿನ ಜ್ವರ) ಎಂದರು, ಆ್ಯಂಟಿಬಯಾಟಿಕ್ ಬರೆಯಲಿಲ್ಲ. ದದ್ದು ಮೊದಲೋ ಜ್ವರ ಬಿಟ್ಟದ್ದು ಮೊದಲೋ ಎಂಬುದು ಬಾಯಿಲೆಕ್ಕದಲ್ಲಿ ಉಳಿಯುವ ಸಂಗತಿಯಲ್ಲ.

ನೋಟ್‌ಬುಕ್ಕಿನ ಹಿಂಬದಿ ಬೆಳವಣಿಗೆಗೆ. ಮೊದಲ ಸಲ ಮಾಡಿದ ದಿನವನ್ನು ಬರೆಯುವುದಿಲ್ಲ; ಬೇರೆ ಬೇರೆ ಮೂರು ದಿನ ಮಾಡಿದರೆ ಮಾತ್ರ ದಾಖಲೆ. ಆಸರೆಯಿಲ್ಲದ ನಡಿಗೆ ಎಂಟರಿಂದ ಹದಿನೆಂಟು ತಿಂಗಳೊಳಗೆ ಯಾವಾಗ ಬಂದರೂ ಸರಿ. ಚಕ್ರದ ವಾಕರ್ ನಡಿಗೆ ಕಲಿಸುವುದಿಲ್ಲ, ಮೆಟ್ಟಿಲಿನಿಂದ ಉರುಳಿಸುತ್ತದೆ; ಕೆನಡಾ ಅದರ ಮಾರಾಟವನ್ನು 2004ರಲ್ಲೇ ನಿಷೇಧಿಸಿದೆ. ಮನೆಯೊಳಗೆ ಬರಿಗಾಲೇ ಚೆನ್ನ.

ಪದ ಎಣಿಸಲು ನನ್ನ ನಿಯಮ: ಉಚ್ಚಾರ ಹೇಗೇ ಇರಲಿ, ಯಾರೂ ಹೇಳಿಕೊಡದೆ ಅದೇ ವಸ್ತುವಿಗೆ ಅದೇ ಸದ್ದು ಬಂದರೆ ಒಂದು ಪದ. ಎರಡು ವರ್ಷಕ್ಕೆ ಸುಮಾರು 50 ಪದ ಮತ್ತು ಎರಡು ಪದ ಜೋಡಿಸಿ ಆಡುವುದು ಮೈಲಿಗಲ್ಲು. ವಾರವಾರ ಎಣಿಸಿ ನಕ್ಷೆ ಬರೆದು ನೋಡಿದೆ, ಏರು ಸಮನಾಗಿ ಬರುವುದೇ ಇಲ್ಲ. ನಡಿಗೆ ಕುದುರುವ ವಾರಗಳಲ್ಲಿ ಪದಗಳು ನಿಂತಲ್ಲೇ ನಿಂತವು, ಆಮೇಲೆ ಒಮ್ಮೆಲೇ ಹತ್ತಾರು ಬಂದವು.

ಮುಂಬದಿ ಮತ್ತು ಹಿಂಬದಿಯನ್ನು ತಾರೀಖು ಹಿಡಿದು ಹೋಲಿಸಿದಾಗ ಸಿಕ್ಕ ಇನ್ನೊಂದು ವಿಷಯ: ಜ್ವರದ ವಾರದ ಬೆನ್ನಿಗೆ ಹೊಸದಾಗಿ ಕಲಿತದ್ದು ಕೆಲವು ದಿನ ಹಿಂದಕ್ಕೆ ಸರಿಯುತ್ತದೆ. ನಡೆಯುತ್ತಿದ್ದ ಮಗು ಎತ್ತಿಕೋ ಎನ್ನುತ್ತದೆ, ಚಮಚ ಬಿಟ್ಟು ಬಾಯಿ ತೆರೆದು ಕೂರುತ್ತದೆ. ಮೈ ಚೇತರಿಸಿದಂತೆ ಮರಳುತ್ತದೆ. ಆದರೆ ಒಂದು ಕಾಲಿನ ಮೇಲಷ್ಟೇ ಭಾರ ಹಾಕಲು ಒಲ್ಲದಿದ್ದರೆ, ಕುಂಟಿದರೆ ಅದು ಬೇರೆ ಮಾತು, ಅಂದೇ ತೋರಿಸಿ. ಆಡುತ್ತಿದ್ದ ಪದಗಳು, ಕಣ್ಣಲ್ಲಿ ಕಣ್ಣಿಡುವುದು, ಬೆರಳು ತೋರುವುದು ಕಳೆದುಹೋದರೆ ಯಾವ ವಯಸ್ಸಾದರೂ ಕಾಯಬೇಡಿ. ಯಾವ ಪದ ಯಾವ ತಾರೀಖಿಗೆ ಕೊನೆಯದಾಗಿ ಬಂತು ಎಂಬ ಪುಟ ತೆರೆದುಕೊಂಡೇ ವೈದ್ಯರೆದುರು ಕೂರಿ.