ಬೇಲಿಯ ಅರ್ತ್, ಚಿಪ್‌ನ ಗ್ರೌಂಡ್: ನನ್ನ ಅನುಭವ

ಹೋದ ವರ್ಷ ಫೆಬ್ರವರಿಯಲ್ಲಿ, ಚಿಕ್ಕಮಗಳೂರು ಕಡೆಯ ಆಲ್ದೂರಿನ ಹತ್ತಿರ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕೂತು, ನಾನೇ ಡಿಸೈನ್ ಮಾಡಿದ ಚಿಪ್ ಎಣಿಸುವುದನ್ನು ನೋಡ್ತಾ ಇದ್ದೆ. ನಿಮಿಷಕ್ಕೆ ಒಂದು ಎಣಿಸಬೇಕಿತ್ತು. ಐವತ್ತು ಎಣಿಸುತ್ತಿತ್ತು. ಅದೂ ಗಡಿಯಾರದ ಹಾಗೆ, ಒಂದೇ ಸಮ.

ನಿಮಿಷಕ್ಕೆ ಒಂದು ಅನ್ನೋ ಲೆಕ್ಕ ಹೇಗೆ ಬಂತು ಅಂದರೆ, ನಮ್ಮೆಲ್ಲರ ತಲೆ ಮೇಲೆ ಹಗಲೂ ರಾತ್ರಿ ಮ್ಯೂಆನ್ ಅನ್ನೋ ಕಣಗಳು ಸುರೀತಾನೇ ಇರುತ್ತವೆ. ಒಂದು ಚದರ ಸೆಂಟಿಮೀಟರ್ ಜಾಗಕ್ಕೆ ನಿಮಿಷಕ್ಕೆ ಸುಮಾರು ಒಂದು. ನನ್ನ ಹತ್ತಿರ ಇದ್ದ ಸಿಲಿಕಾನ್ ಡಿಟೆಕ್ಟರ್ ಉಗುರಿನಷ್ಟೇ. ಹಂಚು, ಅಟ್ಟ, ತಗಡು ಯಾವುದೂ ಮ್ಯೂಆನ್‌ಗೆ ಅಡ್ಡಿಯಲ್ಲ. ಹಾಗಾಗಿ ಮನೇಲೇ ಕೂತು ಚಿಪ್ ಪರೀಕ್ಷೆ ಮಾಡಬಹುದು, ತಾಳ್ಮೆ ಇದ್ದರೆ.

ನನ್ನ ಕೆಲಸ ಏನು ಅಂತ ನೆಂಟರಿಗೆ ಹೇಳಿ ಹೇಳಿ ಸಾಕಾಗಿದೆ, ಇಲ್ಲಿ ಇನ್ನೊಂದು ಸಲ. ಕಣವೊಂದು 300 ಮೈಕ್ರಾನ್ ದಪ್ಪದ ಸಿಲಿಕಾನ್ ಹಾಯ್ದು ಹೋದರೆ ಸುಮಾರು 22 ಸಾವಿರ ಎಲೆಕ್ಟ್ರಾನ್ ಬಿಡುಗಡೆ ಆಗುತ್ತವೆ. ಕೇಳೋಕೆ ದೊಡ್ಡ ಸಂಖ್ಯೆ, ಆದರೆ ಚಾರ್ಜ್ ಲೆಕ್ಕದಲ್ಲಿ ಬರೀ ಮೂರೂವರೆ ಫೆಮ್ಟೊಕೂಲಂಬ್ (ಫೆಮ್ಟೊ ಅಂದರೆ ಹತ್ತು ಕೋಟಿ ಕೋಟಿಯಲ್ಲಿ ಒಂದು ಪಾಲು). ಅದನ್ನು 100 ಫೆಮ್ಟೊಫ್ಯಾರಡ್‌ನ, ಚಾರ್ಜ್ ಹಿಡಿದಿಡೋ ಪುಟ್ಟ ಕೆಪಾಸಿಟರ್ ಮೇಲೆ ಹಿಡಿದರೆ 35 ಮಿಲಿವೋಲ್ಟ್ ಸಿಗುತ್ತೆ. ಆ 35 ಮಿಲಿವೋಲ್ಟನ್ನು ಹದವಾದ ಆಕಾರಕ್ಕೆ ತಂದು, ಒಂದು ಮಟ್ಟಕ್ಕಿಂತ ಮೇಲೆ ಬಂತಾ ಇಲ್ವಾ ಅಂತ ನೋಡಿ, ಬಂದಿದ್ದರೆ 'ಹೂಂ' ಅಂತ ಹೊರಗೆ ಹೇಳಬೇಕು. ಇಷ್ಟನ್ನೂ ಮಾಡೋ ಸರ್ಕ್ಯೂಟ್‌ಗೆ ಒಂದು ಚಾನೆಲ್ ಅಂತೀವಿ. ನನ್ನ ಚಿಪ್‌ನಲ್ಲಿ ಇರೋದು 16 ಚಾನೆಲ್. ಜಿನೀವಾ ಬಳಿಯ ಸರ್ನ್ ಕಣ ಪ್ರಯೋಗಾಲಯದ ಸಿಎಂಎಸ್ ಪ್ರಯೋಗದಲ್ಲಿ, ಕಣದ ದಾರಿ ಗುರುತಿಸೋ ಮೊದಲ ಟ್ರ್ಯಾಕರ್‌ನಲ್ಲಿ ಸಿಲಿಕಾನನ್ನು ಪಟ್ಟಿ ಪಟ್ಟಿಯಾಗಿ ಭಾಗ ಮಾಡಿದ್ದರು. ಪಟ್ಟಿಗೊಂದು ಚಾನೆಲ್, ಪಟ್ಟಿಗಳು 90 ಲಕ್ಷಕ್ಕೂ ಜಾಸ್ತಿ, ಒಂದೊಂದು ಚಿಪ್ 128 ಪಟ್ಟಿ ನೋಡ್ಕೊಳ್ತಿತ್ತು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿ ಭಾಗ ತಂದು ಬೆಸುಗೆ ಹಾಕಿ ಮುಗಿಯೋ ಕೆಲಸ ಅಲ್ಲ, ಅದಕ್ಕೇ ಚಿಪ್. ನಮ್ಮ ದೇಶಕ್ಕೂ ಇದು ಹೊಸದೇನಲ್ಲ. ಕೋಲ್ಕತ್ತದ ಸಾಹಾ ಇನ್‌ಸ್ಟಿಟ್ಯೂಟ್‌ನವರು ರೂಪಿಸಿ ಚಂಡೀಗಢದ ಪಕ್ಕದ ಮೊಹಾಲಿಯಲ್ಲಿ ತಯಾರಾದ ಮಾನಸ್ ಅನ್ನೋ ಚಿಪ್ ಸರ್ನ್‌ನದೇ ಆಲಿಸ್ ಪ್ರಯೋಗದಲ್ಲಿ ಕೆಲಸ ಮಾಡಿದೆ. ಅದರಲ್ಲೂ 16 ಚಾನೆಲ್.

ಸರಿ, ಐವತ್ತರ ಕಥೆಗೆ ಬರ್ತೀನಿ.

ಮೊದಲು ಅಪ್ಪನ ಸ್ಪ್ರಿಂಕ್ಲರ್ ಮೋಟಾರ್ ಮೇಲೆ ಅನುಮಾನ ಬಂತು. ರೋಬಸ್ಟಾಗೆ ಹೂವಿನ ನೀರು ಕೊಡೋ ಕಾಲ, ಮೋಟಾರ್ ಹಗಲೂ ರಾತ್ರಿ ಓಡ್ತಿತ್ತು. ಸ್ಟಾರ್ಟರ್ ಒತ್ತಿದಾಗಲೆಲ್ಲ ಎಣಿಕೆ ಒಮ್ಮೆ ನೂರಾರು ಹಾರುತ್ತಿದ್ದುದು ನಿಜ. ಆದರೆ ಕರೆಂಟ್ ಹೋಗಿ ಮೋಟಾರ್ ನಿಂತರೂ ಆ ಐವತ್ತು ನಿಲ್ಲಲಿಲ್ಲ. ಇನ್ವರ್ಟರ್ ಮೇಲೂ ಅದೇ ತಾಳ. ಸೆಕೆಂಡು ಹಿಡಿದು ನೋಡಿದೆ, ಒಂದು ಬಡಿತಕ್ಕೂ ಇನ್ನೊಂದಕ್ಕೂ ಒಂದು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ಈ ತಾಳ ಎಲ್ಲೋ ಕೇಳಿದ್ದೀನಲ್ಲ ಅನ್ನಿಸ್ತು. ಅಪ್ಪನ ಹಳೇ ರೇಡಿಯೋ ತಂದು, ಯಾವ ಸ್ಟೇಷನ್ನೂ ಇಲ್ಲದ ಕಡೆ ಮುಳ್ಳು ನಿಲ್ಲಿಸಿದೆ. ಟಕ್... ಟಕ್... ಟಕ್. ಆನೆಗೆ ಅಂತ ತೋಟದ ಸುತ್ತ ಹಾಕಿಸಿದ್ದ ಸೋಲಾರ್ ಬೇಲಿ! ಅದರ ಪೆಟ್ಟಿಗೆ ಒಂದೊಂದು ಬಡಿತಕ್ಕೂ ಹಲವು ಸಾವಿರ ವೋಲ್ಟ್ ತಂತಿಗೆ ಬಿಡುತ್ತೆ. ನಾನು ಹುಡುಕ್ತಾ ಇದ್ದದ್ದು 35 ಮಿಲಿವೋಲ್ಟ್.

ಬೇಲಿ ಹಿತ್ತಲಿನಿಂದ ಇನ್ನೂರು ಅಡಿ ದೂರ ಇದೆ. ಅಲ್ಲಿಂದ ಮೇಜಿನ ತನಕ ಇಷ್ಟು ಗಟ್ಟಿಯಾಗಿ ಹೇಗೆ ಬಂತು ಅಂತ ತಂತಿ ಹಿಡಿದು ಹೋದೆ. ಬೇಲಿಯ ಅರ್ತ್ ವೈರನ್ನು ತಂದು ಮನೆಯ ಅರ್ತ್ ಗುಂಡಿಗೇ ಸೇರಿಸಿದ್ದರು. ಸಿಗ್ನಲ್ ಅಲೆ ತೋರಿಸೋ ನನ್ನ ಸ್ಕೋಪಿನ ಅರ್ತ್ ಕೂಡ ಅದೇ ಗುಂಡಿಗೆ. ಬೇಸಿಗೆಯಲ್ಲಿ ಉಪ್ಪು, ಇದ್ದಿಲು ಎಲ್ಲ ಒಣಗಿ ಗುಂಡಿ ಇದ್ದೂ ಇಲ್ಲದ ಹಾಗೆ ಆಗಿತ್ತು. ಪ್ರತಿ ಬಡಿತಕ್ಕೂ ಮನೆಯ ಅರ್ತ್ ಪೂರ್ತಿ ಒಮ್ಮೆ ಎಗರುತ್ತಿತ್ತು, ಜೊತೆಗೆ ನನ್ನ ಮೇಜೂ.

ವೈರಿಂಗ್ ಮಾಡಿದ ಹುಡುಗನನ್ನು ಕರೆಸಿದೆ. "ಅಕ್ಕಾ, ಒಂದೇ ಗುಂಡಿ ಸಾಕಲ್ವಾ, ಎರಡು ಯಾಕೆ ಖರ್ಚು ಅಂತ ಮಾಡಿದೆ," ಅಂದ. ಅರ್ಧ ಗಂಟೆ ಪಾಠ ಮಾಡಿದೆ. ಸಾವಿರಾರು ವೋಲ್ಟ್ ಬಡಿಯೋದರ ಅರ್ತ್ ಬೇರೆ ಇರಬೇಕು, ದೂರ ಇರಬೇಕು, ಒಂದರ ಕರೆಂಟ್ ಇನ್ನೊಂದರ ದಾರೀಲಿ ಹರೀಬಾರದು ಅಂತ. ಪಾಪ, ತಲೆ ಆಡಿಸಿ ಬೇಲಿ ಪಕ್ಕದಲ್ಲೇ ಮೂರು ಕಂಬಿ ಹೊಡೆದು ಬೇರೆ ಅರ್ತ್ ಮಾಡಿಕೊಟ್ಟ. ಈ ಪಾಠ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಅಷ್ಟಕ್ಕೇ ಸುಮ್ಮನಾಗದೆ ಚಿಪ್ ಕೂರಿಸಿದ್ದ ಬೋರ್ಡನ್ನು ಅಮ್ಮನ ಚಕ್ಕುಲಿ ಡಬ್ಬದೊಳಗೆ ಇಟ್ಟೆ. ದಪ್ಪ ತಗಡು, ಮುಚ್ಚಳ ಬಿಗಿ, ಇದಕ್ಕಿಂತ ಒಳ್ಳೇ ಕವಚ ದುಡ್ಡು ಕೊಟ್ಟರೂ ಸಿಗಲ್ಲ. ಮುಚ್ಚಳ ಕೂರೋ ಜಾಗದಲ್ಲಿ ಬಣ್ಣ ಕೆರೆದು ತಗಡಿಗೆ ತಗಡು ತಾಗುವ ಹಾಗೆ ಮಾಡಿದೆ, ಇಲ್ಲದಿದ್ದರೆ ಕವಚ ಅರ್ಧಂಬರ್ಧ. ಕತ್ತಲೆಯೂ ಪುಕ್ಕಟೆ ಸಿಕ್ಕಿತು, ಸಿಲಿಕಾನ್‌ಗೆ ಬೆಳಕು ಬಿದ್ದರೆ ಅದೂ ಸಿಗ್ನಲ್ಲೇ ಅಲ್ವಾ. ಕರೆಂಟ್‌ಗೆ 12 ವೋಲ್ಟ್ ಬ್ಯಾಟರಿ. ಅಮ್ಮ ನೋಡಿ, "ಏನೇ ಇದು, ಡಬ್ಬಕ್ಕೆ ತೂತು ಬೇರೆ ಹೊಡೆದಿದ್ದೀಯಾ!" ಅಂದರು. ಕೇಬಲ್ ಹೋಗಬೇಕಲ್ಲ.

ಎಣಿಕೆ ನಿಮಿಷಕ್ಕೆ ಒಂದು, ಒಂದೂವರೆಗೆ ಇಳಿಯಿತು. ಮೊದಲ ಬಾರಿ ನನ್ನ ಚಿಪ್‌ನಲ್ಲಿ ನಿಜವಾದ ಮ್ಯೂಆನ್ ನೋಡಿದ ರಾತ್ರಿ ಅದು. ಖುಷಿ ಒಂದೇ ದಿನ.

ಮಾರನೇ ದಿನ ಥ್ರೆಶೋಲ್ಡ್ ಸ್ಕ್ಯಾನ್ ಶುರು ಮಾಡಿದೆ. ಥ್ರೆಶೋಲ್ಡ್ ಅಂದರೆ 'ಇಷ್ಟಕ್ಕಿಂತ ಮೇಲಿದ್ದರೆ ಮಾತ್ರ ಲೆಕ್ಕಕ್ಕೆ' ಅನ್ನೋ ಗೆರೆ. ಮಾಡೋ ವಿಧಾನ ಸುಲಭ. 1 ಪಿಕೊಫ್ಯಾರಡ್ ಕೆಪಾಸಿಟರ್ ಮೂಲಕ ಮೂರೂವರೆ ಮಿಲಿವೋಲ್ಟ್ ಮೆಟ್ಟಿಲು ಕೊಟ್ಟರೆ ಮೂರೂವರೆ ಫೆಮ್ಟೊಕೂಲಂಬ್ ಒಳಗೆ ಹೋಗುತ್ತೆ, ಕಣ ಬಂದ ಹಾಗೇ. ಸಾವಿರ ಸಲ ಕೊಟ್ಟು, ಗೆರೆಯನ್ನು ಸ್ವಲ್ಪ ಸ್ವಲ್ಪ ಏರಿಸುತ್ತಾ, ಎಷ್ಟು ಸಲ ಉತ್ತರ ಬಂತು ಅಂತ ಬರೆದುಕೊಂಡರೆ ಎಸ್ ಆಕಾರದ ಗ್ರಾಫ್ ಬರುತ್ತೆ. ಅದು ಎಷ್ಟು ಓರೆ ಇದೆಯೋ ಅಷ್ಟು ನಾಯ್ಸ್, ಅಂದರೆ ಸಿಗ್ನಲ್ ಇಲ್ಲದಾಗಲೂ ಇರೋ ಗಲಿಬಿಲಿ. ನನಗೆ ಸಿಕ್ಕಿದ್ದು 900 ಎಲೆಕ್ಟ್ರಾನ್, ಅಂದರೆ 0.14 ಫೆಮ್ಟೊಕೂಲಂಬ್. ಥ್ರೆಶೋಲ್ಡ್ ಗೆರೆಯನ್ನು ಅದರ ಐದು ಪಟ್ಟು ಎತ್ತರಕ್ಕೆ ಇಟ್ಟರೆ, 0.7ರಲ್ಲಿ ಆರಾಮಾಗಿ ಕೂರಬಹುದು. ಹಾಗೆ ಕೂರಲೇಬೇಕು ಕೂಡ. ಯಾಕೆಂದರೆ ಕಣ ಎರಡು ಪಟ್ಟಿಗಳ ನಡುವೆ ಬಿದ್ದರೆ ಚಾರ್ಜ್ ಇಬ್ಭಾಗ ಆಗುತ್ತೆ, ಗೆರೆ ಎತ್ತರದಲ್ಲಿದ್ದರೆ ಎರಡೂ ಕಡೆ ತಪ್ಪಿ ಹೋಗುತ್ತೆ.

ಆದರೆ 1.6ಕ್ಕಿಂತ ಕೆಳಗೆ ಇಳಿಸಿದ ಕೂಡಲೇ ಹದಿನಾರೂ ಚಾನೆಲ್ ಒಟ್ಟಿಗೆ ಕಿರುಚೋಕೆ ಶುರು. ರಾತ್ರಿ ಒಂದು ನಾಯಿ ಬೊಗಳಿದರೆ ಊರಿನ ನಾಯಿಗಳೆಲ್ಲ ಬೊಗಳುತ್ತವಲ್ಲ, ಥೇಟ್ ಹಾಗೆ. ಮತ್ತೆ ಬೇಲಿಯಾ? ಬೇಲಿ ಆಫ್ ಮಾಡಿಸಿದೆ, ಅಪ್ಪ ಗೊಣಗಿದರು, ಏನೂ ಬದಲಾಗಲಿಲ್ಲ. ಒಂದೊಂದೇ ಚಾನೆಲ್ ಬಿಟ್ಟು ಉಳಿದದ್ದನ್ನೆಲ್ಲ ಬಾಯಿ ಮುಚ್ಚಿಸಿದೆ. ಒಂದೇ ಇದ್ದಾಗ 0.7ರಲ್ಲೂ ಗಪ್‌ಚುಪ್. ಎಂಟು ಇದ್ದರೂ ಪರವಾಗಿಲ್ಲ. ಒಂಬತ್ತನೆಯದು ಸೇರಿದರೆ ಸಂತೆ. 'ಹೂಂ' ಹೇಳೋ ಡಿಜಿಟಲ್ ಭಾಗದ ಸಪ್ಲೈಯನ್ನು 1.2ರಿಂದ 1 ವೋಲ್ಟಿಗೆ ಇಳಿಸಿದರೆ ಗಲಾಟೆ ಸ್ವಲ್ಪ ಕಡಿಮೆ. ಆಗ ಎದೆ ಧಸಕ್ ಅಂತು. ತೊಂದರೆ ಹೊರಗಿಂದ ಬರ್ತಾ ಇಲ್ಲ, ಚಿಪ್ಪೇ ತನಗೆ ತಾನು ಮಾಡ್ಕೊಳ್ತಾ ಇದೆ.

ಚಿಪ್ಪಿಗೂ ಬೋರ್ಡಿಗೂ ತಂತಿ ಜೋಡಿಸೋ ಬಾಂಡಿಂಗ್ ನಕ್ಷೆ ತೆಗೆದು ನೋಡಿದಾಗ ರಾತ್ರಿ ಹನ್ನೊಂದು. ಚಿಪ್ ಅಂದರೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಚೂರು. ಅದರ ಅಂಚಿನ ಪ್ಯಾಡ್‌ಗಳಿಂದ ಬೋರ್ಡಿಗೆ ಕೂದಲಿಗಿಂತ ಸಣ್ಣ, 25 ಮೈಕ್ರಾನಿನ ಅಲ್ಯೂಮಿನಿಯಂ ತಂತಿ ಹೊಲಿದಿರುತ್ತಾರೆ. ಹಲವರ ಡಿಸೈನ್ ಒಂದೇ ವೇಫರ್ (ಸಿಲಿಕಾನ್ ಬಿಲ್ಲೆ) ಮೇಲೆ ಹಂಚಿಕೊಳ್ಳುವಾಗ ಜಾಗಕ್ಕೆ ದುಡ್ಡು, ಹಾಗಾಗಿ ಪ್ಯಾಡ್ ಲೆಕ್ಕ ಹಾಕಿ ಇಡಬೇಕು. ಕೊನೇ ವಾರದಲ್ಲಿ ಒಂದು ಟೆಸ್ಟ್ ಔಟ್‌ಪುಟ್ ಸೇರಿಸೋಕೆ ಅಂತ ನಾನು ಒಂದು ಪ್ಯಾಡ್ ಉಳಿಸಿದ್ದೆ. ಹೇಗೆ? ಮಟ್ಟ ಮೀರಿತಾ ಅಂತ ನೋಡೋ ಕಂಪ್ಯಾರೇಟರ್‌ಗಳ ಗ್ರೌಂಡನ್ನೂ (ಚಿಪ್‌ನೊಳಗಿನ ಅರ್ತ್ ಅನ್ನಿ), 'ಹೂಂ' ಅಂತ ಹೊರಗೆ ಕಳಿಸೋ ಔಟ್‌ಪುಟ್ ಡ್ರೈವರ್‌ಗಳ ಗ್ರೌಂಡನ್ನೂ ಒಂದೇ ಪ್ಯಾಡಿಗೆ ತಂದು. ಒಂದೇ ಗುಂಡಿ ಸಾಕಲ್ವಾ ಅಂತ!

ಲೆಕ್ಕ ಹಾಕಿದರೆ ನಗು ಬರುತ್ತೆ. ಆ ತಂತಿಗೆ ಮಿಲಿಮೀಟರಿಗೆ ಸುಮಾರು ಒಂದು ನ್ಯಾನೊಹೆನ್ರಿ ಇಂಡಕ್ಟನ್ಸ್, ಅಂದರೆ ಕರೆಂಟ್ ಬದಲಾಗೋದಕ್ಕೆ ಅಡ್ಡ ನಿಲ್ಲೋ ಗುಣ. ಮೂರು ಮಿಲಿಮೀಟರ್ ತಂತಿಯಲ್ಲಿ ಒಂದು ನ್ಯಾನೊಸೆಕೆಂಡಿಗೆ 10 ಮಿಲಿಆಂಪಿಯರ್ ಬದಲಾದರೆ ಗ್ರೌಂಡ್ 30 ಮಿಲಿವೋಲ್ಟ್ ಎಗರುತ್ತೆ. ಸಿಗ್ನಲ್ಲೇ 35. ಒಂದು ಚಾನೆಲ್ 'ಹೂಂ' ಅಂದ ಕೂಡಲೇ ಎಲ್ಲರ ಕಾಲ ಕೆಳಗಿನ ನೆಲ ಅಲ್ಲಾಡಿ, ಎಲ್ಲರೂ 'ಹೂಂ' ಅಂತಿದ್ದರು. ಸಿಮ್ಯುಲೇಶನ್‌ನಲ್ಲಿ ಯಾಕೆ ಕಾಣಲಿಲ್ಲ? ಅಲ್ಲಿ ನಾನು ಬಾಂಡ್ ತಂತಿಯನ್ನೇ ಹಾಕಿರಲಿಲ್ಲ, ಗ್ರೌಂಡ್ ಅಂದರೆ ಸೊನ್ನೆ ಅಂತ ನಂಬಿದ್ದೆ. ಆ ವೈರಿಂಗ್ ಹುಡುಗನ ಮುಖ ನೆನಪಾಯ್ತು.

ಬೆಂಗಳೂರಿಗೆ ಬೋರ್ಡ್ ಕಳಿಸಿ ಆ ಪ್ಯಾಡ್‌ಗೆ ಎರಡನೇ ತಂತಿ ಹೊಲಿಸಿದೆ, ಔಟ್‌ಪುಟ್‌ಗಳ ಬುಡದಲ್ಲೇ 470 ಓಮ್ ರೆಸಿಸ್ಟರ್ ಹಾಕಿ ಕರೆಂಟ್ ತಗ್ಗಿಸಿದೆ. ಥ್ರೆಶೋಲ್ಡ್ 1.1ರ ತನಕ ಇಳಿಯಿತು, ಅದಕ್ಕಿಂತ ಕೆಳಗೆ ಇಲ್ಲ. ಸ್ಕೋಪ್ ಹಿಡಿಯುವಾಗ ಮೊಸಳೆ ಕ್ಲಿಪ್ಪಿನ ಉದ್ದ ವೈರ್ ಬಿಟ್ಟು ಪ್ರೋಬ್ ತುದಿಯ ಪುಟ್ಟ ಸ್ಪ್ರಿಂಗ್ ಬಳಸಿ, ಇಲ್ಲದಿದ್ದರೆ ನೋಡೋ ಅರ್ಧ ಎಗರಾಟ ಆ ವೈರಿನದ್ದೇ ಆಗಿರುತ್ತೆ. ನಾನು ಎರಡು ದಿನ ಅದರಲ್ಲೇ ಕಳೆದೆ.

ಎರಡನೇ ಚಿಪ್‌ನಲ್ಲಿ ಸಿಗ್ನಲ್ ಅಳೆಯೋ ಅನಲಾಗ್ ಭಾಗದ ಗ್ರೌಂಡ್‌ಗೆ ನಾಲ್ಕು ಪ್ಯಾಡ್, ಡಿಜಿಟಲ್‌ಗೆ ನಾಲ್ಕು, ಒಳಗೆ ಎಲ್ಲೂ ಸೇರದ ಹಾಗೆ. ಔಟ್‌ಪುಟ್ ಎಲ್ಲ ಎಲ್‌ವಿಡಿಎಸ್ ಅನ್ನೋ ಜೋಡಿ ತಂತಿಯ ಪದ್ಧತಿ. ಅದರಲ್ಲಿ ಮೂರೂವರೆ ಮಿಲಿಆಂಪಿಯರ್ ಯಾವಾಗಲೂ ಹರೀತಾನೇ ಇರುತ್ತೆ, ಉತ್ತರ ಬದಲಾದಾಗ ಈ ತಂತಿಯಿಂದ ಆ ತಂತಿಗೆ ದಾರಿ ಬದಲಿಸುತ್ತೆ ಅಷ್ಟೇ, ಗ್ರೌಂಡ್‌ಗೆ ಗೊತ್ತೇ ಆಗಲ್ಲ. ಕರೆಂಟ್ ಜಾಸ್ತಿ ಕುಡಿಯುತ್ತೆ, ಕುಡಿಯಲಿ. ಟೆಸ್ಟ್ ಔಟ್‌ಪುಟ್ ತೆಗೆದು ಹಾಕಿದೆ. ಕಳಿಸಿದ್ದು ಮಳೆಗಾಲದಲ್ಲಿ, ಕೈಗೆ ಬಂದಿದ್ದು ಕಾಫಿ ಕೊಯ್ಲಿನ ಹೊತ್ತಿಗೆ. ಹದಿನಾರೂ ಚಾನೆಲ್ ತೆರೆದು 0.7ಕ್ಕೆ ಇಳಿಸಿದೆ. ಒಂದು ನಾಯಿಯೂ ಬೊಗಳಲಿಲ್ಲ.

ಈಗ ಮತ್ತೆ ಜುಲೈ. ಮಳೆಯ ತೇವಕ್ಕೆ ಡಿಟೆಕ್ಟರ್ ಮೇಲ್ಮೈಯಲ್ಲಿ ಸೋರೋ ಲೀಕೇಜ್ ಕರೆಂಟ್ ಏರಿ ನಾಯ್ಸ್ 900ರಿಂದ 1,300 ಎಲೆಕ್ಟ್ರಾನ್‌ಗೆ ಹೋಗಿದೆ. ಬೋರ್ಡ್ ಮೇಲೆ ಉಳಿದಿದ್ದ ಬೆಸುಗೆಯ ಫ್ಲಕ್ಸನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಉಜ್ಜಿ ತೊಳೆದೆ, ಡಬ್ಬದೊಳಗೆ ಸಿಲಿಕಾ ಜೆಲ್ ಪೊಟ್ಟಣ ತುಂಬಿದೆ. ಎರಡು ದಿನಕ್ಕೊಮ್ಮೆ ಅವನ್ನು ಒಲೆ ಪಕ್ಕ ಒಣಗಿಸೋ ಕೆಲಸ ಅಮ್ಮ ವಹಿಸಿಕೊಂಡಿದ್ದಾರೆ, ಹೊಸ ಚಕ್ಕುಲಿ ಡಬ್ಬ ತಂದುಕೊಡೋ ಕರಾರಿನ ಮೇಲೆ.